ಶೇಂಗಾ ಬೆಣ್ಣೆಯ ಹಬ್ಬ: ದಪ್ಪ ಕಾಳು ಮೊದಲು ಮನೆಗೆ

ನಮ್ಮದು ಚಳ್ಳಕೆರೆ ತಾಲೂಕಿನ ಒಣಭೂಮಿ. ಐದು ಎಕರೆ ಕೆಂಪು ಮಣ್ಣು. ಅದರಲ್ಲಿ ಮೂರು ಎಕರೆಗೆ ಪ್ರತಿ ಮುಂಗಾರಿನಲ್ಲೂ ಶೇಂಗಾ. ಅಪ್ಪನ ಕಾಲದಿಂದ ಬಂದ ಬೆಳೆ, ಬಿಡೋಕೆ ಮನಸ್ಸಿಲ್ಲ. ಮಳೆ ಬಂದರೆ ಕಾಯಿ, ಬಾರದಿದ್ದರೆ ದನಕ್ಕೆ ಬಳ್ಳಿ. ಇಷ್ಟೇ ನಮ್ಮ ಲೆಕ್ಕ.

ಇಷ್ಟು ವರ್ಷ ಶೇಂಗಾ ಬೆಳೆದ ನಾನು 'ಪೀನಟ್ ಬಟರ್' ಅನ್ನೋದನ್ನ ನೋಡಿದ್ದು 2019ರ ಕಾರ್ತೀಕದಲ್ಲಿ. ಬೆಂಗಳೂರಿನಿಂದ ಮಗ-ಸೊಸೆ ಬಂದಿದ್ದರು. ಆರು ವರ್ಷದ ಮೊಮ್ಮಗ ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಚಪಾತಿಗೆ ಕಂದು ಬಣ್ಣದ ಲೇಹ್ಯದಂಥದ್ದೇನೋ ಬಳಿದುಕೊಂಡು ತಿನ್ನತೊಡಗಿದ. "ಏನೋ ಅದು?" ಅಂದೆ. "ತಾತ, ಇದು ನಿಮ್ಮ ಶೇಂಗಾನೇ" ಅಂದ!

ಬಾಟಲಿ ತಿರುಗಿಸಿ ನೋಡಿದೆ. 350 ಗ್ರಾಂ, ಬೆಲೆ 170 ರೂಪಾಯಿ. ಅದೇ ವಾರ ನಾನು ಮಂಡಿಯಲ್ಲಿ ಕ್ವಿಂಟಾಲ್ ಕಾಯಿಯನ್ನು 5,000 ರೂಪಾಯಿ ಆಸುಪಾಸಿನಲ್ಲಿ ಕೊಟ್ಟು ಬಂದಿದ್ದೆ. ಕಿಲೋಗೆ 50 ರೂಪಾಯಿ. ಆಮೇಲೆ ಮನೆಯಲ್ಲೇ ಮಾಡಿ ತೂಗಿ ನೋಡಿದಾಗ ಗೊತ್ತಾಯಿತು, 350 ಗ್ರಾಂ ಬೆಣ್ಣೆಗೆ ಬೇಕಾಗೋದು ಸುಮಾರು 650 ಗ್ರಾಂ ಕಾಯಿ. ಅಂದರೆ ಮೂವತ್ತೆರಡು-ಮೂವತ್ಮೂರು ರೂಪಾಯಿ ಮಾಲು. ಬಾಟಲಿ, ಸಾಗಾಟ, ಅಂಗಡಿಯವರ ಲಾಭ ಎಲ್ಲ ಇರುತ್ತೆ, ಅದನ್ನು ತಪ್ಪು ಅನ್ನಲಾರೆ. ಆದರೂ ಹೊಟ್ಟೆಯಲ್ಲಿ ಒಂಥರಾ ಆಯಿತು. ಬೆಳೆದವನ ಮೊಮ್ಮಗ ಪೇಟೆಯಿಂದ ಶೇಂಗಾ ಹೊತ್ತುಕೊಂಡು ಊರಿಗೆ ಬರೋದೆ?

ಹಲ್ಲಿಲ್ಲದ ಅವ್ವನಿಗೆ ಸಿಕ್ಕ ಶೇಂಗಾ

ಮಾರನೇ ದಿನ ನನ್ನಾಕೆ ಅರ್ಧ ಕಿಲೋ ಬೀಜ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಒರಳುಕಲ್ಲಿಗೆ ಹಾಕಿದಳು. ಮೊದಲು ಪುಡಿ ಆಯಿತು. ನಮ್ಮ ಕಡೆ ಶೇಂಗಾ ಹಿಂಡಿ ಮಾಡೋರೆಲ್ಲ ಇಲ್ಲಿಗೇ ನಿಲ್ಲಿಸುತ್ತೇವೆ. ನಿಲ್ಲಿಸದೆ ತಿರುಗಿಸುತ್ತಾ ಹೋದರೆ ಪುಡಿ ಅಂಟಂಟಾಗಿ ಉಂಡೆ ಕಟ್ಟುತ್ತದೆ. ಇನ್ನೂ ತಿರುಗಿಸಿದರೆ ತನ್ನೊಳಗಿನ ಎಣ್ಣೆ ತಾನೇ ಬಿಟ್ಟುಕೊಂಡು ಮೆತ್ತಗೆ ಹರಿಯತೊಡಗುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಮೇಲಿಂದ ಒಂದು ಹನಿ ಎಣ್ಣೆ ಹಾಕಲಿಲ್ಲ. ಶೇಂಗಾ ಬೀಜದ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯೇ ತಾನೆ, ಹೊರಗಿನದು ಯಾಕೆ?

ಅವ್ವನಿಗೆ ಆಗ ಎಂಬತ್ತು ದಾಟಿತ್ತು. ಬಾಯಲ್ಲಿ ಒಂದು ಹಲ್ಲಿಲ್ಲ. ಹತ್ತು ವರ್ಷದಿಂದ ಶೇಂಗಾ ಕಾಳು ಮುಟ್ಟಿರಲಿಲ್ಲ. ಒರಳಿನ ಅಂಚಿನಿಂದ ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಚಪ್ಪರಿಸಿ ಒಂದು ಮಾತು ಹೇಳಿದಳು. "ಜೀವಮಾನದಾಗ ಮೊದಲ ಸಲ ದಪ್ಪ ಕಾಳು ತಿಂದಂಗಾತು."

ಆ ಮಾತು ನನಗೆ ಆಗ ಪೂರ್ತಿ ಹೊಳೆಯಲಿಲ್ಲ. ಅವ್ವ ಮೊದಲಿಂದಲೂ ಕುಟುಕುತ್ತಿದ್ದಳು: "ದಪ್ಪ ಕಾಳು ದಲ್ಲಾಳಿಗೆ, ಜಳ್ಳು ಕಾಳು ಮಕ್ಕಳಿಗೆ." ನಮ್ಮ ಪದ್ಧತಿಯೇ ಹಾಗಿತ್ತು. ಒಣಗಿಸಿ, ತೂರಿ, ಚೆನ್ನಾಗಿದ್ದದ್ದೆಲ್ಲ ಚೀಲಕ್ಕೆ ತುಂಬಿ ಮಂಡಿಗೆ. ಸೊಟ್ಟ, ಸುಕ್ಕು, ಹುಳು ಕೊರೆದದ್ದು, ಒಡೆದದ್ದು ಮನೆ ಖರ್ಚಿಗೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು.

ಉಗಿದದ್ದು ಮೊಮ್ಮಗ, ಪಾಠ ಕಲಿತದ್ದು ನಾನು

2021ರ ನವೆಂಬರ್ ಯಾರಿಗೆ ಮರೆತೀತು? ಕಾಯಿ ಕಿತ್ತು ಸಾಲು ಹಾಕಿದ ಎರಡನೇ ದಿನ ಮಳೆ ಹಿಡಿಯಿತು. ಬಿಡಲೇ ಇಲ್ಲ. ನಮ್ಮ ಟಿಎಂವಿ-2 ತಳಿಯ ಬೀಜಕ್ಕೆ ಮೊಳಕೆಯ ತಡೆ ಇಲ್ಲ. ಬಲಿತ ಮೇಲೆ ತೇವ ಸಿಕ್ಕರೆ ಹೊಲದಲ್ಲೇ ಮೊಳೆಯುತ್ತದೆ. ಹಾಗೇ ಆಯಿತು. ಉಳಿದ ಕಾಯಿಯನ್ನು ತಂದು ಪಡಸಾಲೆಯಲ್ಲಿ ರಾಶಿ ಹಾಕಿದೆವು. ಅದೇ ದೊಡ್ಡ ತಪ್ಪು. ನಾಲ್ಕು ದಿನದಲ್ಲಿ ರಾಶಿಯೊಳಗೆ ಕೈ ಹಾಕಿದರೆ ಬಿಸಿ! ಸಿಪ್ಪೆ ಕಪ್ಪಾಗಿತ್ತು. ಆಯ್ದು ಒಂದಿಷ್ಟು ಮಾರಿದೆ. ವ್ಯಾಪಾರಿ ಬೇಡ ಎಂದು ತೆಗೆದಿಟ್ಟದ್ದನ್ನು ಪದ್ಧತಿಯಂತೆ ಮನೆಗೆ ಇಟ್ಟುಕೊಂಡೆ.

ಸಂಕ್ರಾಂತಿಗೆ ಮೊಮ್ಮಕ್ಕಳು ಬರುತ್ತಾರೆಂದು ಅದರಲ್ಲೇ ನಾಲ್ಕು ಕಿಲೋ ಬೆಣ್ಣೆ ರುಬ್ಬಿದೆವು. ಮೊಮ್ಮಗ ಒಂದು ಚಮಚ ಬಾಯಿಗಿಟ್ಟು ಥೂ ಎಂದು ಉಗಿದ. ಕಹಿ.

ಆ ಬೀಜವನ್ನು ಒಂದು ಕವರಿನಲ್ಲಿ ಹಾಕಿಕೊಂಡು ಕೃಷಿ ವಿಜ್ಞಾನಿಯೊಬ್ಬರಿಗೆ ತೋರಿಸಿದೆ. ಅವರು ಬೀಜದ ಮೇಲಿನ ಹಳದಿ-ಹಸಿರು ಧೂಳು ನೋಡಿದ ಕೂಡಲೇ "ಇದನ್ನು ಯಾರೂ ತಿನ್ನಬೇಡಿ, ಹಸುವಿಗೂ ಹಾಕಬೇಡಿ" ಅಂದರು. ಆಸ್ಪರ್ಜಿಲಸ್ ಅನ್ನೋ ಬೂಷ್ಟು ಅದು. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಯಕೃತ್ತಿಗೆ ಹಾನಿ, ಬಹಳ ದಿನ ತಿಂದರೆ ಕ್ಯಾನ್ಸರಿಗೂ ದಾರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಈ ವಿಷ ಹೊರಜಗತ್ತಿಗೆ ಗೊತ್ತಾಗಿದ್ದೇ ಹಾಗಂತೆ.

ನಾನು ಕೇಳಿದೆ: "ಚೆನ್ನಾಗಿ ಹುರಿದರೆ ಹೋಗಲ್ವೇ?" ಹೋಗಲ್ಲ. ಬೂಷ್ಟು ಸಾಯುತ್ತೆ, ವಿಷ ಪೂರ್ತಿ ಹೋಗಲ್ಲ. ನಾಲಿಗೆಗೂ ಗೊತ್ತಾಗಲ್ಲ. ನಮಗೆ ಕಹಿ ಬಂದು ತಪ್ಪಿಸಿತು, ಅಷ್ಟೇ. ಕಹಿ ಇಲ್ಲದ ಕಾಳಲ್ಲೂ ವಿಷ ಇರಬಹುದು. ಹಿಂಡಿಯಲ್ಲಿದ್ದರೆ ಹಸುವಿನ ಹಾಲಿಗೂ ಬರುತ್ತೆ.

ನಾಲ್ಕು ಕಿಲೋ ಬೆಣ್ಣೆ ಗುಂಡಿಗೆ ಹೋಯಿತು. ಉಳಿದ ಕಾಳು ಸುಟ್ಟೆವು. ಆವತ್ತು ಅವ್ವನ ಮಾತು ತಲೆಗೆ ಹತ್ತಿತು. ವ್ಯಾಪಾರಿ ಬೇಡ ಅಂದದ್ದನ್ನು ನಾವು ಮನೆಯ ಮಕ್ಕಳಿಗೆ ಇಡುತ್ತಾ ಬಂದಿದ್ದೆವು. ಬಡತನದಿಂದ ಅಂತ ಅಂದುಕೊಂಡಿದ್ದೆ. ಅದರಲ್ಲಿ ಅರ್ಧ ರೂಢಿ.

ಮನೆ ಮೂಟೆ

2022ರಿಂದ ನಮ್ಮ ಕಟ್ಟುಪಾಡು ಬದಲಾಗಿದೆ. ಒಣಗಿದ ರಾಶಿಯಿಂದ ಮೊದಲು ಆಯುವುದು ಬೀಜಕ್ಕೆ, ಎರಡನೆಯದು ಮನೆಗೆ. ದುಂಡು ಕಾಯಿ, ಎರಡು ಕಾಳಿನದು, ತೂತಿಲ್ಲದ್ದು, ಸಿಪ್ಪೆ ಕಪ್ಪಾಗದ್ದು. ಒಂದು ಚೀಲ. ಅದಕ್ಕೆ 'ಮನೆ ಮೂಟೆ' ಅಂತ ಹೆಸರು. ಮಂಡಿಗೆ ಹೋಗೋದು ಆಮೇಲೆ.

ಇದು ಹೇಳಿದಷ್ಟು ಸುಲಭವಲ್ಲ. 2023ರ ಬರದಲ್ಲಿ ಮೂರು ಎಕರೆಗೆ ಸಿಕ್ಕಿದ್ದು ಏಳೇ ಚೀಲ. ನಾಲ್ಕು ಬೀಜಕ್ಕೆ ಇಟ್ಟೆ, ಅದೂ ಎರಡು ಎಕರೆಗಷ್ಟೇ ಸಾಕು. ಉಳಿದದ್ದು ಮೂರು. ಸಾಲದ ಕಂತು ಬಾಕಿ ಇತ್ತು. "ಈ ಸಲ ಮನೆ ಮೂಟೆ ಬೇಡ, ಮಾರಿಬಿಡೋಣ" ಅಂದೆ. ನನ್ನಾಕೆ ಮಾತಾಡಲಿಲ್ಲ. ಚೀಲದ ಬಾಯಿ ಹೊಲಿದು ಒಳಗೆ ಇಟ್ಟುಬಿಟ್ಟಳು. ಎರಡೇ ಚೀಲ ಮಂಡಿಗೆ ಹೋಯಿತು. ಆ ಚಳಿಗಾಲ ಅವ್ವ ಬೇರೇನೂ ಸರಿಯಾಗಿ ತಿನ್ನುತ್ತಿರಲಿಲ್ಲ. ಅಂಬಲಿಗೆ ಒಂದು ಚಮಚ ಶೇಂಗಾ ಬೆಣ್ಣೆ ಕಲಸಿ ಕೊಟ್ಟರೆ ಮಾತ್ರ ಕುಡಿಯುತ್ತಿದ್ದಳು. 2024ರ ಮಾಘದಲ್ಲಿ ತೀರಿಕೊಂಡಳು. ಆ ಚೀಲ ಮಾರಿದ್ದರೆ ಬರುತ್ತಿದ್ದ ದುಡ್ಡು ಇವತ್ತಿಗೆ ನೆನಪೂ ಇರುತ್ತಿರಲಿಲ್ಲ.

ಬೆಣ್ಣೆ ತೆಗೆಯುವ ಕ್ರಮ

ಬೆಣ್ಣೆಯ ರುಚಿ ಹೊಲದಲ್ಲೇ ಶುರು. ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಕೊಟ್ಟು ಮಣ್ಣೇರಿಸಿದರೆ ಕಾಳು ತುಂಬುತ್ತದೆ. ಕೊನೆಯ ಮೂರು-ನಾಲ್ಕು ವಾರ ಮಳೆ ಕೈಕೊಟ್ಟು ಭೂಮಿ ಕಾದರೆ ಬೂಷ್ಟು ನೆಲದಲ್ಲಿರುವಾಗಲೇ ಕಾಯಿಗೆ ಇಳಿಯುತ್ತದೆ. ಹಾಗಾಗಿ ಬರದ ವರ್ಷ ಆಯುವಾಗ ಇನ್ನೂ ಹೆಚ್ಚು ಕಣ್ಣು ಬೇಕು. ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ತಿರುವಿ ಎರಡು-ಮೂರು ದಿನ ಬಿಡಿ. ಬಿಡಿಸಿದ ಮೇಲೆ ತೆಳ್ಳಗೆ ಹರಡಿ ಒಣಗಿಸಿ. ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಕಾಳು ಕಚ್ಚಿದರೆ ಟಕ್ ಅಂತ ಮುರಿಯಬೇಕು. ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆ ಮೇಲಿಡಿ. ಕಾಯಾಗಿಯೇ ಇಡಿ, ಬೇಕಾದಷ್ಟು ಮಾತ್ರ ಸುಲಿಯಿರಿ.

ಈಗ ಅಡುಗೆಮನೆಗೆ. ನಮ್ಮ ತೂಕ ಇದು: 10 ಕಿಲೋ ಕಾಯಿ ಸುಲಿದರೆ 6.8 ಕಿಲೋ ಬೀಜ. ಸುಕ್ಕು, ಬಣ್ಣಗೆಟ್ಟದ್ದು, ಹುಳುಕು ಆಯ್ದು ತೆಗೆದರೆ 6.1 ಕಿಲೋ. ಹುರಿದು, ಸಿಪ್ಪೆ ಮತ್ತು ಮೊಳಕೆಯ ತುದಿ ಕೇರಿ ರುಬ್ಬಿದ ಮೇಲೆ 5.4 ಕಿಲೋ ಬೆಣ್ಣೆ.

ಹುರಿಯುವುದು ಸಣ್ಣ ಉರಿಯಲ್ಲಿ. ಕಬ್ಬಿಣದ ಬಾಣಲೆಯಲ್ಲಿ ಕಿಲೋಗೆ ಇಪ್ಪತ್ತು-ಇಪ್ಪತ್ತೈದು ನಿಮಿಷ, ಕೈ ಬಿಡದೆ ಆಡಿಸುತ್ತಾ. ಅವಸರ ಮಾಡಿದರೆ ಹೊರಗೆ ಕರಕು, ಒಳಗೆ ಹಸಿ. ಪೂರ್ತಿ ಆರಿದ ಮೇಲೆ ಗೋಣಿಯಲ್ಲಿ ಉಜ್ಜಿ ಕೇರಬೇಕು. ಕಾಳಿನ ತುದಿಯ ಮೊಳಕೆ ಕಹಿ, ಅದೂ ಹಾರಿಹೋಗಲಿ.

ಮಿಕ್ಸಿಯಲ್ಲಿ ರುಬ್ಬುವುದಾದರೆ ಒಂದು ಎಚ್ಚರ. ನಾನು ಮೊದಲ ಸಲ ಒಂದೇ ದಮ್ಮಿಗೆ ತಿರುಗಿಸಿ ಮೋಟಾರು ಸುಟ್ಟುಕೊಂಡೆ. ರಿಪೇರಿಗೆ 900 ರೂಪಾಯಿ! ಕಾಲು ಕಿಲೋ ಮಾತ್ರ ಹಾಕಿ, ಒಂದು ನಿಮಿಷ ತಿರುಗಿಸಿ, ಎರಡು ನಿಮಿಷ ಬಿಡಿ. ಅಂಚಿಗೆ ಹತ್ತಿದ್ದನ್ನು ಒಳಗೆ ತಳ್ಳಿ. ಉಂಡೆ ಕಟ್ಟಿದಾಗ ಹೆದರಿ ನೀರು ಹಾಕಬೇಡಿ. ನೀರು ಬಿದ್ದರೆ ಗಟ್ಟಿ ಮುದ್ದೆಯಾಗುತ್ತದೆ, ಬೇಗ ಕೆಡುತ್ತದೆ ಕೂಡ. ಕಿಲೋಗೆ ಒಂದು ಚಮಚ ಪುಡಿ ಉಪ್ಪು ಸಾಕು. ಬೆಲ್ಲ ಬೇಕೆಂದರೆ ಒಣ ಪುಡಿ ಹಾಕಿ, ಪಾಕ ಬೇಡ.

ಎರಡು ದಿನ ಬಿಟ್ಟರೆ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಕೆಟ್ಟಿತು ಅಂತ ಚೆಲ್ಲಬೇಡಿ, ಕಲಸಿದರೆ ಸೇರುತ್ತದೆ. ಅಂಗಡಿಯ ಬಾಟಲಿಯಲ್ಲಿ ಹೀಗೆ ಬೇರೆಯಾಗದಂತೆ ಗಟ್ಟಿಗೊಳಿಸಿದ ಎಣ್ಣೆ ಸೇರಿಸುವುದುಂಟು. ಒಣ ಗಾಜಿನ ಬಾಟಲಿ, ಒಣ ಚಮಚ ಇದ್ದರೆ ನಮ್ಮಲ್ಲಿ ಒಂದು ತಿಂಗಳು ಇರುತ್ತದೆ. ಆಮೇಲೆ ಕಮಟು ವಾಸನೆ. ಹಾಗಾಗಿ ತಿಂಗಳಿಗೊಮ್ಮೆ ಹೊಸದಾಗಿ ರುಬ್ಬುತ್ತೇವೆ.

ನಮ್ಮ ಮನೆಯ ನಾಲ್ಕು ಸಂಭ್ರಮ

ಬರೀ ತಿನ್ನೋದಾದರೆ ಯಾರು ಬೇಕಾದರೂ ತಿನ್ನುತ್ತಾರೆ. ವರ್ಷ ಹೋದಂತೆ ನಮ್ಮಲ್ಲಿ ಇದಕ್ಕೇ ಕೆಲವು ಆಟ, ಹಬ್ಬಗಳು ಹುಟ್ಟಿಕೊಂಡಿವೆ.

ಒಂದು, ಮೂಟೆ ಕಟ್ಟುವ ದಿನ. ಕಾರ್ತೀಕದ ಒಂದು ಭಾನುವಾರ ಎಲ್ಲರೂ ಕೂತು ಕಾಯಿ ಆಯುತ್ತೇವೆ. ಅದಕ್ಕೂ ಮುಂಚೆ, ಕೀಳುವಾಗಲೇ ಹೊಲದಲ್ಲಿ ಒಣ ಬಳ್ಳಿಗೆ ಬೆಂಕಿ ಹಾಕಿ ಹಸಿ ಕಾಯಿ ಸುಟ್ಟು ತಿಂದಿರುತ್ತೇವಲ್ಲ, ಅದರ ಮುಂದುವರಿಕೆ ಇದು. ಮೂರು ಕಾಳಿನ ಕಾಯಿ ಹೆಚ್ಚು ಹುಡುಕಿದ ಮಗುವಿಗೆ ಮೊದಲ ಚಮಚ ಬೆಣ್ಣೆ. ಹುಡುಕುವ ನೆಪದಲ್ಲಿ ಹುಳುಕು ಕಾಯಿ ಗುರುತಿಸೋದನ್ನೂ ಮಕ್ಕಳು ಕಲಿತಿದ್ದಾರೆ.

ಎರಡು, ಕಣ್ಣು ಕಟ್ಟಿ ರುಚಿ ನೋಡುವ ಪಂದ್ಯ. ಒಂದೇ ಬೀಜವನ್ನು ಕಮ್ಮಿ, ಹದ, ಹೆಚ್ಚು ಅಂತ ಮೂರು ಬಗೆ ಹುರಿದು ಮೂರು ಬಟ್ಟಲು ಬೆಣ್ಣೆ ಮಾಡುತ್ತೇವೆ. ಯಾವುದು ಯಾವುದು ಹೇಳಬೇಕು. ಒಮ್ಮೆ ನಮ್ಮ ಟಿಎಂವಿ-2 ಜೊತೆ ಪಕ್ಕದ ಹೊಲದ ಕದಿರಿ-6 ಇಟ್ಟಿದ್ದೆವು. ನಾನು ನನ್ನ ಹೊಲದ್ದೇ ಸಿಹಿ ಅಂತ ಬೆರಳು ತೋರಿಸಿದ್ದು ಕದಿರಿಯನ್ನು! ಪಕ್ಕದ ಹೊಲದವರು ಇವತ್ತಿಗೂ ಎದುರು ಸಿಕ್ಕರೆ ನಗುತ್ತಾರೆ.

ಮೂರು, ರೊಟ್ಟಿ ದಿನ. ಬಿಸಿ ಸಜ್ಜೆ ರೊಟ್ಟಿ, ಮೇಲೆ ಶೇಂಗಾ ಬೆಣ್ಣೆ, ಪಕ್ಕಕ್ಕೆ ಹಸಿ ಈರುಳ್ಳಿ ಮತ್ತು ಮೆಣಸಿನಕಾಯಿ. ಇದರ ಮುಂದೆ ಪೇಟೆಯ ಬ್ರೆಡ್ಡು ಏನೂ ಅಲ್ಲ. ಮಕ್ಕಳಿಗೆ ಬಾಳೆಹಣ್ಣು ಸೀಳಿ ಮಧ್ಯೆ ಬೆಣ್ಣೆ, ಮೇಲೆ ಬೆಲ್ಲದ ಪುಡಿ. ಬದನೆಕಾಯಿ ಎಣ್ಣೆಗಾಯಿಗೆ ಪುಡಿಯ ಬದಲು ಎರಡು ಚಮಚ ಬೆಣ್ಣೆ ಹಾಕಿದರೆ ಗೊಜ್ಜು ನುಣುಪಾಗುತ್ತದೆ.

ನಾಲ್ಕನೆಯದು ನಮ್ಮ ಕೇರಿಯ ಹೆಂಗಸರಿಗೆ ಬಹಳ ಇಷ್ಟ. ಅದೇ 105ರ ಪಟ್ಟಿ. ಅದಕ್ಕೊಂದು ಹಿನ್ನೆಲೆ ಇದೆ.

ಒಬ್ಬ ಮೇಷ್ಟ್ರು, 105 ಅಡುಗೆ

ಅಮೆರಿಕದ ಅಲಬಾಮಾದಲ್ಲಿ ಟಸ್ಕೆಗೀ ಎಂಬ ಕಪ್ಪು ಜನರ ವಿದ್ಯಾಸಂಸ್ಥೆ. ಅಲ್ಲಿಗೆ 1896ರಲ್ಲಿ ಕೃಷಿ ಮೇಷ್ಟ್ರಾಗಿ ಬಂದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಸುತ್ತಲಿನ ಬಡ ರೈತರು ವರ್ಷವರ್ಷವೂ ಹತ್ತಿಯನ್ನೇ ಹಾಕಿ ಮಣ್ಣು ಬರಿದು ಮಾಡಿಕೊಂಡಿದ್ದರು. ಸಾಲದ್ದಕ್ಕೆ ಹತ್ತಿ ಕಾಯಿಗೆ ಮೂತಿಹುಳುವಿನ ಕಾಟ ಬಂತು. ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದಿಡುವ ಶೇಂಗಾ ಹಾಕಿ ಎಂದರು ಕಾರ್ವರ್. "ಹಾಕಿ ಏನು ಮಾಡೋಣ?" ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಉತ್ತರವಾಗಿ 1916ರಲ್ಲಿ ಒಂದು ಪುಸ್ತಿಕೆ ತಂದರು. ಶೇಂಗಾ ಬೆಳೆಯುವ ಕ್ರಮ ಮತ್ತು ಅದನ್ನು ಊಟಕ್ಕೆ ಬಳಸುವ 105 ವಿಧಾನ. ಸಾರು, ಬ್ರೆಡ್ಡು, ಬಿಸ್ಕತ್ತು, ಸಿಹಿ ಎಲ್ಲ ಅದರಲ್ಲಿವೆ.

ಪೀನಟ್ ಬಟರ್ ಕಂಡುಹಿಡಿದವರೂ ಅವರೇ ಅಂತ ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಹುರಿದ ಶೇಂಗಾ ಅರೆದು ಹಿಟ್ಟಾಗಿಸುವ ಕ್ರಮಕ್ಕೆ ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಪೇಟೆಂಟ್ ಪಡೆದಿದ್ದರು. ಆಮೇಲೆ ಡಾಕ್ಟರ್ ಕೆಲ್ಲಾಗ್ ತಮ್ಮ ಆರೋಗ್ಯಧಾಮದ ರೋಗಿಗಳಿಗೆ ಕಾಳಿನ ಬೆಣ್ಣೆ ಕೊಡುತ್ತಿದ್ದರು. ಈಗ ಅಮೆರಿಕದವರು ಜನವರಿ 24ನ್ನು ಪೀನಟ್ ಬಟರ್ ದಿನ ಅಂತಲೇ ಆಚರಿಸುತ್ತಾರೆ. ಅಲ್ಲಿನ ನಿಯಮದ ಪ್ರಕಾರ ಆ ಹೆಸರಿಟ್ಟು ಮಾರಬೇಕಾದರೆ ನೂರಕ್ಕೆ ತೊಂಬತ್ತು ಪಾಲಾದರೂ ಶೇಂಗಾ ಇರಲೇಬೇಕು.

ಕಾರ್ವರ್ ಅವರ 105ರ ಸುದ್ದಿ ಹೇಳಿದಾಗ ನನ್ನಾಕೆ "ನಮ್ಮಲ್ಲಿ ಎಷ್ಟಿದಾವೋ ಎಣಿಸೋಣ" ಅಂದಳು. ಪಟ್ಟಿ ಗೋಡೆಗೆ ಅಂಟಿತು. ಹೋಳಿಗೆ, ಉಂಡೆ, ಚಿಕ್ಕಿ, ಹಿಂಡಿ, ಉಸಲಿ, ಎಳ್ಳು-ಬೆಲ್ಲ, ಮಂಡಕ್ಕಿ ಒಗ್ಗರಣೆ, ಚಿತ್ರಾನ್ನ, ಸಾರು, ಶೇಂಗಾ ಹಾಲು... ಹೊಸದು ಮಾಡಿ ತಂದವರಷ್ಟೇ ಬರೆಯಬೇಕು, ಬಾಯಲ್ಲಿ ಹೇಳಿದರೆ ಸಾಲದು. ಈವರೆಗೆ 43 ಆಗಿದೆ. ಇನ್ನೂ 62 ಬಾಕಿ. ಆಟಕ್ಕೆ ಶುರುವಾದದ್ದು, ಈಗ ನಾಲ್ಕು ಮನೆಯವರು ಮನೆ ಮೂಟೆ ಎತ್ತಿಡುತ್ತಿದ್ದಾರೆ. ನನಗೆ ಅದೇ ದೊಡ್ಡ ಲಾಭ.

ಮಾರುವ ಆಸೆ ಇದ್ದರೆ

ನೋಡಿದವರೆಲ್ಲ "ಮಾರಬಾರದಾ?" ಅಂತ ಕೇಳುತ್ತಾರೆ. ನಾವು ನೆಂಟರಿಗೆ, ನೆರೆಯವರಿಗೆ ಕೊಟ್ಟು ಅವರಿಂದ ಹುಣಸೆಹಣ್ಣೋ ತೊಗರಿಯೋ ತರುತ್ತೇವೆ, ಅಷ್ಟೇ. ಅಂಗಡಿಗೆ ಕೊಡುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಬೇಕು. ಕಾಯಿಯ ಬೆಲೆಗೂ ಬಾಟಲಿಯ ಬೆಲೆಗೂ ನಡುವಿನ ಅಂತರ ನೋಡಿ ಕುಣಿಯಬೇಡಿ. ಆಯುವ ಕೂಲಿ, ಹುರಿಯುವ ಸೌದೆ, ಉಳಿದು ಕಮಟಾದ ಮಾಲು ಎಲ್ಲ ಆ ಅಂತರದಲ್ಲೇ ಸೇರುತ್ತದೆ. ಕೇಂದ್ರ ಸರ್ಕಾರ 2025-26ಕ್ಕೆ ಶೇಂಗಾ ಬೆಂಬಲ ಬೆಲೆಯನ್ನು ಕ್ವಿಂಟಾಲಿಗೆ 7,263 ರೂಪಾಯಿ ಎಂದು ಗೊತ್ತು ಮಾಡಿತ್ತು. ನಿಮ್ಮ ಮಂಡಿಯಲ್ಲಿ ಸಿಗುವುದೆಷ್ಟು, ನಿಮ್ಮ ಕೈಯ ಶ್ರಮವೆಷ್ಟು, ಎರಡನ್ನೂ ಬರೆದಿಟ್ಟು ಲೆಕ್ಕ ಹಾಕಿ ಮುಂದುವರಿಯಿರಿ.

ಇನ್ನೆರಡು ಮಾತು. ಕೆಲವರ ಮೈಗೆ ಶೇಂಗಾ ಆಗದು. ತಿಂದ ಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪುಟ್ಟ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಬೆಣ್ಣೆಯ ಉಂಡೆಯೂ ಬೇಡ, ಗಂಜಿಯಲ್ಲಿ ತೆಳ್ಳಗೆ ಕದಡಿ ಕೊಡಿ.

ಈ ಸಲ ಮೂಟೆ ಕಟ್ಟುವ ದಿನ ಮೊಮ್ಮಗನೇ ಚೀಲ ಹೊಲಿದ. ಅವನಿಗೀಗ ಹನ್ನೆರಡು. ಹೊಲಿದು ಮುಗಿಸಿ ಚೀಲದ ಮೇಲೆ ಇದ್ದಲಿನಲ್ಲಿ ಬರೆದ: 'ಮುತ್ತಜ್ಜಿ ಮೂಟೆ'. ನಾನು ಅಳಿಸಲಿಲ್ಲ.

ನಿಮ್ಮ ಮನೆಯಲ್ಲಿ ಒಳ್ಳೆಯದು ಮೊದಲು ಯಾರಿಗೆ ಹೋಗುತ್ತದೆ? ಒಮ್ಮೆ ನೋಡಿಕೊಳ್ಳಿ. ನಮ್ಮ 43ರಲ್ಲಿ ಇಲ್ಲದ ಶೇಂಗಾ ಅಡುಗೆ ನಿಮಗೆ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ. ಮಾಡಿ, ತಿಂದು, ಆಮೇಲೇ ಪಟ್ಟಿಗೆ ಸೇರಿಸುತ್ತೇವೆ.